ಬಿಸಿಯಾದ ಮೇಲೆ ಸೆಲ್ಫ್ ಬರೀ 'ಟಕ್' ಅನ್ನುತ್ತದೆ: ರಿಪೇರಿಯೋ, ಹೊಸದೋ?

ಬಿಳಿ ಸೆಡಾನ್

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್, ಮ್ಯಾನುವಲ್ ಗೇರ್. ಬೆಳಿಗ್ಗೆ ತಣ್ಣಗಿರುವಾಗ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಕೀ ತಿರುಗಿಸಿದರೆ ಒಂದೇ ಒಂದು ಸಲ 'ಟಕ್'. ಎಂಜಿನ್ ಅಲ್ಲಾಡುವುದೇ ಇಲ್ಲ. ಕೀ ಬಿಟ್ಟು ಮತ್ತೆ ತಿರುಗಿಸುತ್ತಾ ಹೋದರೆ ಯಾವಾಗಲೋ ಒಂದು ಸಲ ಹಿಡಿದುಕೊಂಡು ಚೆನ್ನಾಗಿಯೇ ತಿರುಗುತ್ತದೆ. ಪೂರ್ತಿ ತಣ್ಣಗಾದ ಮೇಲೆ ಏನೂ ತೊಂದರೆ ಇಲ್ಲ.

ಬ್ಯಾಟರಿ ಹೊಸದು. ಗ್ಯಾರೇಜಿನವರು ಶಬ್ದ ಕೇಳಿದವರೇ 'ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ಹೋಗಿದೆ, ಪೂರ್ತಿ ಬದಲಾಯಿಸಿ' ಅಂದರು. ಮೀಟರ್ ಇಟ್ಟು ನೋಡಲಿಲ್ಲ. ಒಳಗಿನ ಯಾವುದೋ ಚಿಕ್ಕ ಪಾರ್ಟ್ ಹೋಗಿದ್ದರೆ ಅದನ್ನಷ್ಟೇ ಹಾಕಬಹುದಲ್ವಾ ಅನ್ನುವುದು ನನ್ನ ಅನುಮಾನ. ಮನೆಯಲ್ಲಿ ಮಲ್ಟಿಮೀಟರ್ ಇದೆ, ಸ್ಪ್ಯಾನರ್ ಸೆಟ್ ಇದೆ. ಎಲ್ಲಿಂದ ಶುರು ಮಾಡಲಿ?

ದಿನಾ ಡ್ರೈವ್

ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಸರ್. ಹಳೇ ಗಾಡಿ, ಹಳೇ ಸೆಲ್ಫ್. ಬಿಸಿಯಾದಾಗ ಕೈ ಕೊಡುತ್ತಿದೆ ಅಂದರೆ ಒಳಗೆ ವೈಂಡಿಂಗ್ ಸುಸ್ತಾಗಿದೆ ಅಂತ. ಹೊಸದು ಹಾಕಿ, ನೆಮ್ಮದಿಯಾಗಿರಿ.

ವೋಲ್ಟ್ ಮೀಟರ್

ಬದಲಾಯಿಸುವುದು ಕೊನೆಯ ಕೆಲಸ. ಮೊದಲು ಅಳೆಯಿರಿ. ಸೆಲ್ಫ್ ಹೋಗಿದೆ ಅಂತ ಬಿಚ್ಚಿಸಿಕೊಂಡು ಬರುವ ಎಷ್ಟೋ ಗಾಡಿಗಳಲ್ಲಿ ತಪ್ಪು ಇರುವುದು ಕೇಬಲ್‌ನಲ್ಲಿ, ಅರ್ಥ್‌ನಲ್ಲಿ (ಕರೆಂಟ್ ಗಾಡಿಯ ಲೋಹದ ಮೈ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ), ಇಲ್ಲವೇ ಇಗ್ನಿಷನ್ ಸ್ವಿಚ್‌ನಲ್ಲಿ. ಮೋಟಾರ್ ಪಾಪ ಸರಿಯಾಗಿಯೇ ಇರುತ್ತದೆ.

ಶುರುವಿಗೆ ಮೀಟರೂ ಬೇಡ. ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿ. 'ಟಕ್' ಅಂದಾಗ ಲೈಟ್ ಪೂರ್ತಿ ಮಂಕಾದರೆ, ದೊಡ್ಡ ಕರೆಂಟ್ ಹರಿಯಲು ಹೊರಟಿದೆ ಆದರೆ ಬ್ಯಾಟರಿಗೆ ಅಥವಾ ಅದರ ಟರ್ಮಿನಲ್‌ಗೆ ಕೊಡಲು ಆಗುತ್ತಿಲ್ಲ. ಇಲ್ಲಾಂದ್ರೆ ಮೋಟಾರ್ ಜಾಮ್ ಆಗಿ ವಿಪರೀತ ಎಳೆಯುತ್ತಿದೆ. ಲೈಟ್ ಹಾಗೇ ಬೆಳಗುತ್ತಿದ್ದರೆ ಕರೆಂಟ್ ಮೋಟಾರಿಗೆ ಹೋಗುತ್ತಲೇ ಇಲ್ಲ, ಮಧ್ಯದಲ್ಲಿ ಎಲ್ಲೋ ದಾರಿ ಕಟ್ ಆಗಿದೆ. ಎರಡೂ ಪೂರ್ತಿ ಬೇರೆ ರೋಗಗಳು.

ನಿಮ್ಮದು ಯಾವುದು ಅಂತ ಮೊದಲು ಹೇಳಿ.

ಬಿಳಿ ಸೆಡಾನ್

ಈಗಷ್ಟೇ ಒಂದು ಸುತ್ತು ಹೋಗಿ ಬಂದು ನೋಡಿದೆ. ಲೈಟ್ ಮಂಕಾಗಲೇ ಇಲ್ಲ. ಟಕ್ ಅಂದಾಗ ಒಂಚೂರು ಮಿಟುಕಿದ ಹಾಗಾಯಿತು, ಅಷ್ಟೇ.

ಡೀಸೆಲ್ ಅಜ್ಜ

ಹಾಗಾದರೆ ಬ್ಯಾಟರಿ ಬಿಡಿ. ಬ್ಯಾಟರಿ ಸೋತಿದ್ದರೆ ಒಂದು ಟಕ್ ಅಲ್ಲ, ಟಕಟಕಟಕ ಅಂತ ಬಡಿದುಕೊಳ್ಳುತ್ತದೆ. ನಮ್ಮ ಕಾಲದಲ್ಲಿ ಮೋಟಾರಿನ ಬೆನ್ನಿಗೆ ಸುತ್ತಿಗೆಯಲ್ಲಿ ಒಂದು ಏಟು ಕೊಟ್ಟು ಹೊರಡುತ್ತಿದ್ದೆವು.

ಸ್ಪ್ಯಾನರ್ ಅಕ್ಕ

ಅಜ್ಜ, ಸುತ್ತಿಗೆ ಈಗ ಬೇಡ! ನಿಮ್ಮ ಕಾಲದ ಮೋಟಾರಿನಲ್ಲಿ ಕಬ್ಬಿಣದ ಪೋಲ್ ಶೂ, ಅದರ ಸುತ್ತ ತಾಮ್ರದ ಫೀಲ್ಡ್ ಕಾಯಿಲ್ ಇರುತ್ತಿತ್ತು. ಬಡಿದರೂ ತಡೆಯುತ್ತಿತ್ತು. ಆಮೇಲೆ ಬಂದ ಎಷ್ಟೋ ಗೇರ್ ರಿಡಕ್ಷನ್ ಮೋಟಾರುಗಳಲ್ಲಿ ಕಾಯಿಲ್ ಬದಲು ಪರ್ಮನೆಂಟ್ ಮ್ಯಾಗ್ನೆಟ್. ಅದು ಫೆರೈಟ್, ಒಂದು ಥರ ಸೆರಾಮಿಕ್. ಮೈಮೇಲೆ ಜೋರಾಗಿ ಬಡಿದರೆ ಒಳಗೆ ಬಿರುಕು ಬಿಡುತ್ತದೆ. ಚೂರು ಕಳಚಿ ಆರ್ಮೇಚರಿಗೆ (ಒಳಗೆ ತಿರುಗುವ ಭಾಗಕ್ಕೆ) ಸಿಕ್ಕಿಕೊಂಡರೆ ಆವತ್ತಿಗೆ ಮೋಟಾರ್ ಮುಗಿಯಿತು.

ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಮರದ ತುಂಡಿನಿಂದ ಮೆಲ್ಲಗೆ ತಟ್ಟಬಹುದು. ತಟ್ಟಿದ್ದಕ್ಕೆ ತಿರುಗಿತು ಅಂದರೆ ಬ್ರಷ್ (ತಿರುಗುವ ಭಾಗಕ್ಕೆ ಉಜ್ಜುತ್ತಾ ಕರೆಂಟ್ ಕೊಡುವ ತುಂಡು) ಸಿಕ್ಕಿಕೊಂಡಿರಬಹುದು ಅಥವಾ ಸೊಲೆನಾಯ್ಡ್ (ಸೆಲ್ಫ್ ಮೇಲಿರುವ ವಿದ್ಯುತ್ ಅಯಸ್ಕಾಂತದ ಸ್ವಿಚ್) ಒಳಗಿನ ಕಾಂಟ್ಯಾಕ್ಟ್ ಕೂರುತ್ತಿಲ್ಲ. ರಿಪೇರಿ ಆಯಿತು ಅಂತ ಮಾತ್ರ ತಿಳಿಯಬೇಡಿ.

ಹೊಸ ಕೈ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಟಕ್ ಅನ್ನುವುದು ಸೊಲೆನಾಯ್ಡ್ ಅಂತ ಗೊತ್ತು. ಟಕ್ ಅಂದ ಮೇಲೂ ಮೋಟಾರಿಗೆ ಕರೆಂಟ್ ಹೋಗದೇ ಇರುವುದು ಹೇಗೆ?

ಗ್ಯಾರೇಜ್ ಮೂಲೆ

ಒಳ್ಳೆ ಪ್ರಶ್ನೆ. ಇದು ಅರ್ಥವಾದರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸೊಲೆನಾಯ್ಡ್‌ಗೆ ಎರಡು ಕೆಲಸ. ಮೊದಲನೆಯದು, ಪ್ಲಂಜರನ್ನು (ಒಳಗೆ ಜಾರುವ ಕಬ್ಬಿಣದ ದಿಂಡು) ಎಳೆದು ಫೋರ್ಕ್ ಮೂಲಕ ಪಿನಿಯನ್ ಅನ್ನುವ ಸಣ್ಣ ಗೇರನ್ನು ಮುಂದೆ ತಳ್ಳಿ, ಎಂಜಿನ್ನಿನ ಫ್ಲೈವೀಲ್ ಸುತ್ತ ಇರುವ ಹಲ್ಲಿನ ರಿಂಗಿಗೆ ಕೂರಿಸುವುದು. ಎರಡನೆಯದು, ಅದೇ ಪ್ಲಂಜರ್ ಕೊನೆಗೆ ತಲುಪಿದಾಗ ಒಂದು ತಾಮ್ರದ ತಟ್ಟೆಯನ್ನು ಎರಡು ದಪ್ಪ ಕಾಂಟ್ಯಾಕ್ಟ್‌ಗಳ ಮೇಲೆ ಒತ್ತುವುದು. ಆಗ ಬ್ಯಾಟರಿಯ ಕರೆಂಟ್ ಮೋಟಾರಿಗೆ ಹೋಗುತ್ತದೆ. ನಿಮಗೆ ಕೇಳಿಸುವ 'ಟಕ್' ಪ್ಲಂಜರ್ ಹೋಗಿ ಬಡಿದ ಶಬ್ದ. ತಟ್ಟೆಗೂ ಕಾಂಟ್ಯಾಕ್ಟಿಗೂ ಒಳ್ಳೆ ಜೋಡಣೆ ಆಯಿತು ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ.

ಒಳಗೆ ಸುತ್ತಿರುವ ಕಾಯಿಲ್ ಕೂಡ ಎರಡು. ಎಳೆಯುವ ಕಾಯಿಲ್ ಮತ್ತು ಹಿಡಿದಿಟ್ಟುಕೊಳ್ಳುವ ಕಾಯಿಲ್. ಕೀಯಿಂದ ಬರುವ ಸಣ್ಣ ವೈರಿನಿಂದ ಎರಡಕ್ಕೂ ಕರೆಂಟ್ ಸಿಗುತ್ತದೆ. ಹಿಡಿಯುವ ಕಾಯಿಲ್ ನೇರವಾಗಿ ಸೆಲ್ಫ್‌ನ ಲೋಹದ ಬಾಡಿಗೆ ಅರ್ಥ್. ಎಳೆಯುವ ಕಾಯಿಲ್ ಮಾತ್ರ ಮೋಟಾರಿನ ಬ್ರಷ್‌ಗಳ ಮೂಲಕ ಅರ್ಥ್ ಆಗುತ್ತದೆ. ಕಾಂಟ್ಯಾಕ್ಟ್ ಕೂಡಿದ ಕ್ಷಣ ಎಳೆಯುವ ಕಾಯಿಲ್‌ನ ಎರಡೂ ತುದಿಗೆ ಬ್ಯಾಟರಿ ವೋಲ್ಟೇಜ್ ಬಂದು ಅದು ಸುಮ್ಮನಾಗುತ್ತದೆ. ಆಮೇಲೆ ಪ್ಲಂಜರನ್ನು ಹಿಡಿದಿರುವುದು ಇನ್ನೊಂದೇ ಕಾಯಿಲ್.

ಅಜ್ಜ ಹೇಳಿದ ಟಕಟಕಕ್ಕೆ ಕಾರಣ ಇದೇ. ಸೋತ ಬ್ಯಾಟರಿಯಲ್ಲಿ ಕಾಂಟ್ಯಾಕ್ಟ್ ಕೂಡಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಹಿಡಿಯುವ ಕಾಯಿಲ್ ಕೈ ಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ, ಮತ್ತೆ ಕುಸಿಯುತ್ತದೆ.

ಇದರಿಂದ ಇನ್ನೊಂದು ಸುಳಿವೂ ಸಿಗುತ್ತದೆ. ಬ್ರಷ್ ಪೂರ್ತಿ ಸವೆದು ಕಮ್ಯುಟೇಟರ್ (ಆರ್ಮೇಚರ್ ತುದಿಯ ತಾಮ್ರದ ಪಟ್ಟಿಗಳ ಸುತ್ತು) ಮುಟ್ಟದೇ ಹೋದರೆ ಎಳೆಯುವ ಕಾಯಿಲ್‌ಗೆ ಅರ್ಥ್ ಸಿಗುವುದಿಲ್ಲ. ಆಗ ಟಕ್ ಶಬ್ದವೇ ಬರುವುದಿಲ್ಲ, ಬಂದರೂ ತೀರಾ ಸಣ್ಣದು. ಗಟ್ಟಿಯಾಗಿ ಟಕ್ ಅನ್ನುತ್ತಿದ್ದರೆ ಬ್ರಷ್ ಸ್ವಲ್ಪವಾದರೂ ಮುಟ್ಟುತ್ತಿದೆ ಅಂತ ಲೆಕ್ಕ. ಸೆಡಾನ್ ಸರ್, ನಿಮ್ಮ ಟಕ್ ಗಟ್ಟಿ ಇದೆಯಾ?

ಬಿಳಿ ಸೆಡಾನ್

ಗಟ್ಟಿಯಾಗಿಯೇ ಇದೆ ಸರ್. ಬಾನೆಟ್ ಎತ್ತಿದ್ದರೆ ಪಕ್ಕದಲ್ಲಿ ನಿಂತವರಿಗೂ ಕೇಳುತ್ತದೆ.

ವೋಲ್ಟ್ ಮೀಟರ್

ಸರಿ, ಈಗ ಮೀಟರ್ ತೆಗೆಯಿರಿ. ಎರಡು ಹೊತ್ತಿನಲ್ಲಿ ಅಳೆಯಬೇಕು, ಯಾಕೆ ಅಂತ ಹೇಳುತ್ತೇನೆ.

ಮೊದಲು ತಣ್ಣಗೆ, ಸೆಲ್ಫ್ ಸರಿಯಾಗಿ ತಿರುಗುವಾಗ. ಎಂಜಿನ್ ಸ್ಟಾರ್ಟ್ ಆಗದೇ ಬರೀ ತಿರುಗಲಿ ಅಂತ ಫ್ಯೂಯಲ್ ಪಂಪ್ ಫ್ಯೂಸ್ ತೆಗೆದಿಡಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದಿರಲಿ. ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಹತ್ತಿರ ಇರಬೇಕು. 12.2 ಅಂದರೆ ಸುಮಾರು ಅರ್ಧ ಚಾರ್ಜ್. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಆಮೇಲೆ ಮೀಟರಿನ ಒಂದು ಮುಳ್ಳು (ಪ್ರೋಬ್) ಬ್ಯಾಟರಿಯ ಪ್ಲಸ್ ಕಂಬದ ಮೇಲೆ ಇಡಿ. ಕ್ಲಾಂಪ್ ಮೇಲೆ ಬೇಡ, ಸೀಸದ ಕಂಬದ ಮೇಲೇ. ಇನ್ನೊಂದು ಮುಳ್ಳು ಸೆಲ್ಫ್‌ನ ದಪ್ಪ ಬೋಲ್ಟಿಗೆ, ಅಂದರೆ ಬ್ಯಾಟರಿ ಕೇಬಲ್ ಬಂದು ಕೂತಿರುವ 30ನೇ ಟರ್ಮಿನಲ್‌ಗೆ. ಯಾರಾದರೂ ಕೀ ತಿರುಗಿಸಲಿ. ತಿರುಗುವಾಗ ಬರುವ ರೀಡಿಂಗ್ 0.5 ವೋಲ್ಟ್ ಒಳಗೇ ಇರಬೇಕು. ಹಾಗೇ ಬ್ಯಾಟರಿ ಮೈನಸ್ ಕಂಬದಿಂದ ಸೆಲ್ಫ್ ಬಾಡಿಗೆ ಅಳೆಯಿರಿ. ಇಲ್ಲಿ 0.3 ಒಳಗೆ ಇರಬೇಕು. ಜಾಸ್ತಿ ಬಂದರೆ ಅರ್ಥ್ ಸರಿ ಇಲ್ಲ.

ಇದನ್ನು ತಿರುಗುವಾಗಲೇ ಮಾಡಬೇಕು. ಕರೆಂಟ್ ಹರಿಯದೇ ಇದ್ದರೆ ಕೊಳೆತ ಕೇಬಲ್ ಕೂಡ ಸೊನ್ನೆಯನ್ನೇ ತೋರಿಸುತ್ತದೆ. ಇಂಥ ಎಂಜಿನ್ ತಿರುಗಿಸಲು 100ರಿಂದ 200 ಆಂಪಿಯರ್ ಬೇಕು, ಹೊರಡುವ ಕ್ಷಣಕ್ಕೆ ಇನ್ನೂ ಜಾಸ್ತಿ. ಕೇಬಲ್‌ನ ಯೋಗ್ಯತೆ ಗೊತ್ತಾಗುವುದು ಅಷ್ಟು ಹರಿದಾಗ ಮಾತ್ರ.

ಆಮೇಲೆ ಬಿಸಿಯಲ್ಲಿ, ಬರೀ ಟಕ್ ಅನ್ನುವಾಗ. ಕೀ ತಿರುಗಿಸಿ ಹಿಡಿದಿಟ್ಟು, ಸೆಲ್ಫ್ ಬಾಡಿಗೆ ಹೋಲಿಸಿ ಮೂರು ಕಡೆ ವೋಲ್ಟೇಜ್ ನೋಡಿ: ದಪ್ಪ ಕೇಬಲ್‌ನ 30, ಕೀಯಿಂದ ಬರುವ ಸಣ್ಣ ವೈರಿನ 50, ಮತ್ತೆ ಸೊಲೆನಾಯ್ಡ್‌ನಿಂದ ಮೋಟಾರಿನ ಒಳಗೆ ಹೋಗುವ ದಪ್ಪ ಹೆಣಿಗೆ ವೈರಿನ ಬೋಲ್ಟ್.

ಹದಿನೇಳು ಎಂಎಂ

ಗಾಡಿ ಕೆಳಗೆ ನುಗ್ಗುವುದಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಸೈಲೆನ್ಸರ್ ಪೈಪ್ ಪಕ್ಕದಲ್ಲೇ ಇರುತ್ತದೆ, ಬಿಸಿ ಇರುವಾಗ ಕೈ ಸುಡುತ್ತದೆ. 30ನೇ ಬೋಲ್ಟಿಗೆ ಕೀ ಆಫ್ ಇದ್ದರೂ ಬ್ಯಾಟರಿ ನೇರ ಕೂಡಿರುತ್ತದೆ. ಸ್ಪ್ಯಾನರ್ ಬಾಡಿಗೆ ತಗುಲಿದರೆ ಸ್ಪ್ಯಾನರೇ ಬೆಸುಗೆ ಆಗಿಬಿಡುತ್ತದೆ.

ಬಿಳಿ ಸೆಡಾನ್

ಅಳೆದೆ. ತಣ್ಣಗೆ: ಬ್ಯಾಟರಿ 12.6, ತಿರುಗುವಾಗ 10.4. ಪ್ಲಸ್ ಕೇಬಲ್ 0.2. ಅರ್ಥ್ 0.1.

ಬಿಸಿಯಲ್ಲಿ, ಟಕ್ ಅಂದು ನಿಂತಾಗ: ಬ್ಯಾಟರಿ 12.4. 30ರಲ್ಲಿ 12.3. 50ರಲ್ಲಿ 8.6. ಮೋಟಾರ್ ಕಡೆ ಬೋಲ್ಟಿನಲ್ಲಿ ಒಂದು ವೋಲ್ಟಿಗಿಂತ ಕಡಿಮೆ, ಅದೂ ಕುಣಿಯುತ್ತಿತ್ತು.

ವೋಲ್ಟ್ ಮೀಟರ್

ಭೇಷ್. ಕೇಬಲ್, ಅರ್ಥ್, ಬ್ಯಾಟರಿ ಎಲ್ಲ ಪಾಸ್. 30ರ ತನಕ ಬಂದ ಕರೆಂಟ್ ಮೋಟಾರ್ ಬೋಲ್ಟಿಗೆ ದಾಟುತ್ತಿಲ್ಲ. ಅಂದರೆ ಸೊಲೆನಾಯ್ಡ್ ಒಳಗಿನ ಕಾಂಟ್ಯಾಕ್ಟ್ ಸರಿಯಾಗಿ ಕೂಡುತ್ತಿಲ್ಲ. ಆ ಬೋಲ್ಟಿಗೆ 12 ಬಂದೂ ಮೋಟಾರ್ ತಿರುಗದೇ ಇದ್ದಿದ್ದರೆ ಬ್ರಷ್ ಅಥವಾ ಆರ್ಮೇಚರ್ ಅನ್ನಬಹುದಿತ್ತು.

ಆದರೆ ನನ್ನ ಕಣ್ಣು ಹೋಗಿದ್ದು 8.6ರ ಮೇಲೆ. ಬ್ಯಾಟರಿಯಲ್ಲಿ 12.4 ಇರುವಾಗ 50ಕ್ಕೆ 8.6 ಮಾತ್ರ. ಸುಮಾರು 4 ವೋಲ್ಟ್ ಇಗ್ನಿಷನ್ ಸ್ವಿಚ್, ಕನೆಕ್ಟರ್, ಉದ್ದ ವೈರಿನಲ್ಲಿ ಕಳೆದುಹೋಗುತ್ತಿದೆ. ಅಷ್ಟರಲ್ಲಿ ಪ್ಲಂಜರ್ ಪೂರ್ತಿ ಜೋರಿನಿಂದ ಒತ್ತುವುದಿಲ್ಲ. ಹಳೇ ಗಾಡಿಗಳಲ್ಲಿ ಸೊಲೆನಾಯ್ಡ್ ಎಳೆಯುವ ಅಷ್ಟೂ ಕರೆಂಟ್ ಕೀ ಸ್ವಿಚ್‌ನ ಸಣ್ಣ ಕಾಂಟ್ಯಾಕ್ಟ್ ಮೂಲಕವೇ ಹಾದು ಬರುತ್ತದೆ. ವರ್ಷಗಟ್ಟಲೆ ಕಿಡಿ ಹಾರಿ ಅದು ಸುಟ್ಟಿರುತ್ತದೆ.

ಹೊಸ ಕೈ

ತಣ್ಣಗಿರುವಾಗ ಯಾಕೆ ಸರಿ ಇರುತ್ತದೆ ಮತ್ತೆ?

ವೋಲ್ಟ್ ಮೀಟರ್

ತಾಮ್ರ ಬಿಸಿಯಾದಷ್ಟೂ ಅದರ ರೋಧ ಏರುತ್ತದೆ. ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ 0.39. ಕಾಯಿಲ್ 20 ಡಿಗ್ರಿಯಿಂದ 100ಕ್ಕೆ ಹೋದರೆ ರೋಧ ಹೆಚ್ಚುಕಮ್ಮಿ ಶೇ 30 ಜಾಸ್ತಿ. ಅದಕ್ಕೆ ತಕ್ಕ ಹಾಗೆ ಕರೆಂಟ್ ಕಮ್ಮಿ, ಎಳೆತವೂ ಕಮ್ಮಿ. ಸೆಲ್ಫ್ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕ ಇದ್ದರೆ, ಎಂಜಿನ್ ನಿಲ್ಲಿಸಿದ ಮೇಲೆ ಗಾಳಿ ಆಡದೆ ಅದು ಇನ್ನೂ ಬಿಸಿಯಾಗುತ್ತದೆ. ಹತ್ತು ನಿಮಿಷ ಬಿಟ್ಟ ಮೇಲೆ ತೊಂದರೆ ಜಾಸ್ತಿ ಅನ್ನುವುದಕ್ಕೆ ಇದೇ ಕಾರಣ. ಹಾಗಂತ ಸರಿಯಾಗಿರುವ ಸೆಲ್ಫ್ ಇದಕ್ಕೆಲ್ಲ ಸೋಲುವುದಿಲ್ಲ. ಮೊದಲೇ ಅಂಚಿನಲ್ಲಿ ನಿಂತಿದ್ದನ್ನು ಬಿಸಿ ತಳ್ಳುತ್ತದೆ ಅಷ್ಟೇ.

ನನ್ನ ಸಲಹೆ: ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್) ಹಾಕಿ. ಕೀಯಿಂದ ಬರುವ ವೈರ್ ರಿಲೇ ಕಾಯಿಲನ್ನು ಮಾತ್ರ ಓಡಿಸಲಿ. 50ಕ್ಕೆ ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ವೈರ್ ರಿಲೇ ಮೂಲಕ ಬರಲಿ. ಸೆಲ್ಫ್ ಬಿಚ್ಚುವುದೇ ಬೇಡ.

ಗ್ಯಾರೇಜ್ ಮೂಲೆ

ರಿಲೇ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಗಟ್ಟಿ ಟಕ್ ಬರುತ್ತಿದೆ ಅಂದರೆ ಪ್ಲಂಜರ್ ಕೊನೆ ತನಕ ಹೋಗುತ್ತಿದೆ. ನನಗೆ ಅನುಮಾನ ತಾಮ್ರದ ಕಾಂಟ್ಯಾಕ್ಟ್ ಮೇಲೆ. ಅದು ಸವೆದು ಗುಳಿ ಬಿದ್ದಿದ್ದರೆ ರಿಲೇ ಹಾಕಿದ ಮೇಲೆ ಸ್ವಲ್ಪ ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಇದೇ ಗೋಳು.

ಬೇರ್ಪಡಿಸುವುದು ಸುಲಭ. ಬಿಸಿಯಲ್ಲಿ ಟಕ್ ಅಂದು ನಿಂತಾಗ, 50ರ ವೈರ್ ಕಳಚಿ, ಬ್ಯಾಟರಿ ಪ್ಲಸ್‌ನಿಂದ ಒಂದು ದಪ್ಪ ವೈರಿನಲ್ಲಿ ನೇರವಾಗಿ 50ಕ್ಕೆ ಕೊಡಿ. ಪ್ರತಿ ಸಲವೂ ತಿರುಗಿದರೆ ತಪ್ಪು ಕೀ ಕಡೆಯದು. ಆಗಲೂ ಒಮ್ಮೊಮ್ಮೆ ಬರೀ ಟಕ್ ಅಂದರೆ ಕಾಂಟ್ಯಾಕ್ಟ್.

ಎಚ್ಚರ: ಹೀಗೆ ನೇರ ಕೊಡುವಾಗ ಗಾಡಿ ಗೇರಿನಲ್ಲಿದ್ದರೆ ಅದು ಮುಂದೆ ನುಗ್ಗುತ್ತದೆ. ಕೀ ಆಫ್ ಇದ್ದರೂ ಸೆಲ್ಫ್ ಒಂದೇ ಗಾಡಿಯನ್ನು ಎಳೆಯುತ್ತದೆ. ನ್ಯೂಟ್ರಲ್ ಅಂತ ಕೈಯಲ್ಲಿ ಅಲ್ಲಾಡಿಸಿ ನೋಡಿ, ಚಕ್ರಕ್ಕೆ ಅಡ್ಡ ಕೊಡಿ, ಗಾಡಿ ಮುಂದೆ ಯಾರೂ ನಿಲ್ಲಬೇಡಿ. ಸ್ಕ್ರೂಡ್ರೈವರ್‌ನಲ್ಲಿ 30 ಮತ್ತು 50 ಕೂಡಿಸುವ ಅಭ್ಯಾಸ ಎಲ್ಲರಿಗೂ ಇದೆ, ನನಗೆ ಅದು ಇಷ್ಟವಿಲ್ಲ. ಕೈ ಜಾರಿದರೆ ಬಾಡಿಗೆ ಶಾರ್ಟ್.

ದಿನಾ ಡ್ರೈವ್

ಇಷ್ಟು ಹೊತ್ತಿಗೆ ಹೊಸ ಸೆಲ್ಫ್ ಹಾಕಿ ಊಟ ಮುಗಿಸಬಹುದಿತ್ತು 😀

ಬಿಳಿ ಸೆಡಾನ್

ನೇರ ಕೊಟ್ಟು ನೋಡಿದೆ. ಕೀಯಲ್ಲಿ ತಿರುಗಿಸುವುದಕ್ಕಿಂತ ಎಷ್ಟೋ ಮೇಲು, ಹೆಚ್ಚಿನ ಸಲ ತಿರುಗಿತು. ಆದರೆ ನಡುನಡುವೆ ಬರೀ ಟಕ್ ಅಂತ ನಿಂತದ್ದೂ ಉಂಟು. ಅಂದರೆ ಎರಡೂ ಕಡೆ ತಪ್ಪು ಅಂತಲೇ?

ಗ್ಯಾರೇಜ್ ಮೂಲೆ

ಹೌದು, ಎರಡೂ. ವೋಲ್ಟ್ ಮೀಟರ್ ಅವರ ಮಾತೂ ಉಳಿಯಿತು, ನನ್ನದೂ ಉಳಿಯಿತು. ಈಗ ಸೆಲ್ಫ್ ಇಳಿಸಲೇಬೇಕು.

ಸ್ಪ್ಯಾನರ್ ಅಕ್ಕ

ಇಳಿಸುವಾಗ: ಮೊದಲು ಬ್ಯಾಟರಿಯ ಮೈನಸ್ ಕಳಚಿ, ಟರ್ಮಿನಲ್‌ಗೆ ಮತ್ತೆ ತಗುಲದ ಹಾಗೆ ದೂರ ಸರಿಸಿ. ಪ್ಲಸ್ ಮೊದಲು ತೆಗೆಯಬೇಡಿ. ವೈರುಗಳ ಫೋಟೋ ತೆಗೆದುಕೊಳ್ಳಿ. ದಪ್ಪ ಬೋಲ್ಟಿನಲ್ಲಿ ಎರಡು ನಟ್ ಇದ್ದರೆ ಒಳಗಿನದನ್ನು ಒಂದು ಸ್ಪ್ಯಾನರ್‌ನಲ್ಲಿ ಹಿಡಿದು ಹೊರಗಿನದನ್ನು ಬಿಚ್ಚಿ. ಇಲ್ಲಾಂದ್ರೆ ಬೋಲ್ಟೇ ತಿರುಗಿ ಒಳಗಿನ ಜೋಡಣೆ ಕಿತ್ತುಬರುತ್ತದೆ. ಸೆಲ್ಫ್ ನೋಡಲು ಚಿಕ್ಕದು, ಆದರೆ ಭಾರ. ಕೊನೆಯ ಬೋಲ್ಟ್ ಬಿಚ್ಚುವಾಗ ಒಂದು ಕೈ ಕೆಳಗಿರಲಿ, ಮುಖ ಕೆಳಗಿರಬಾರದು. ಹೀಟ್ ಶೀಲ್ಡ್ ತಗಡು ಇದ್ದರೆ ಅದನ್ನು ಬಿಸಾಡಬೇಡಿ. ತುಂಬಾ ಗಾಡಿಗಳಲ್ಲಿ ಹಿಂದಿನವರು ಬಿಚ್ಚಿ ವಾಪಸ್ ಹಾಕಿಯೇ ಇರುವುದಿಲ್ಲ, ಆಮೇಲೆ ಬಿಸಿ ತೊಂದರೆ ಅಂತ ಎಲ್ಲ ಕಡೆ ಹುಡುಕುತ್ತಾರೆ.

ಸೆಲ್ಫ್ ಮೇಲೆ ಆಯಿಲ್ ಸುರಿದಿದೆಯಾ ಅಂತಲೂ ನೋಡಿ. ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗ್ ಸೋರಿ, ಆಯಿಲ್ ಒಳಗಿಳಿದು, ಬ್ರಷ್ ಪುಡಿ ಜೊತೆ ಸೇರಿ ಕಪ್ಪು ರಾಡಿಯಾಗುತ್ತದೆ. ಆ ಸೋರಿಕೆ ನಿಲ್ಲಿಸದೆ ಹೊಸ ಸೆಲ್ಫ್ ಹಾಕಿದರೂ ಅದೇ ಗತಿ.

ಬಿಳಿ ಸೆಡಾನ್

ಇಳಿಸಿ ಬಿಚ್ಚಿದೆ. ಸೊಲೆನಾಯ್ಡ್ ಹಿಂದಿನ ಮುಚ್ಚಳ ಮೂರು ಸ್ಕ್ರೂ. ತೆಗೆದರೆ ಪ್ಲಂಜರ್ ಹೊರಗೆ ಬಂತು. ಒಳಗೆ ಎರಡು ತಾಮ್ರದ ಕಾಂಟ್ಯಾಕ್ಟ್. ಬ್ಯಾಟರಿ ಕಡೆಯದು ಅರ್ಧಕ್ಕರ್ಧ ತಿಂದುಹೋಗಿದೆ, ಮೇಲೆ ಕಪ್ಪು ಪದರ. ಮೋಟಾರ್ ಕಡೆಯದು ಅಷ್ಟು ಹಾಳಾಗಿಲ್ಲ. ಪ್ಲಂಜರ್ ತಟ್ಟೆಯ ಅಂಚಿನಲ್ಲೂ ಗುಳಿ. ಬ್ರಷ್ ಅರ್ಧ ಸವೆದಿವೆ.

ಗ್ಯಾರೇಜ್ ಮೂಲೆ

ಕಳ್ಳ ಸಿಕ್ಕ. ಕೂಡುವಾಗಲೂ ಬಿಡುವಾಗಲೂ ಕಿಡಿ ಹಾರಿ ತಾಮ್ರ ಕರಗುತ್ತದೆ. ಒಂದು ಕಡೆಯದು ಬೇಗ ಸವೆದರೆ ತಟ್ಟೆ ಓರೆಯಾಗಿ ಕೂರುತ್ತದೆ, ಒಂದಕ್ಕೆ ಮುಟ್ಟಿ ಇನ್ನೊಂದಕ್ಕೆ ಮುಟ್ಟುವುದಿಲ್ಲ. ತಟ್ಟೆ ಪ್ರತಿ ಸಲ ಸ್ವಲ್ಪ ತಿರುಗಿಕೊಂಡು ಕೂರುವುದರಿಂದ ಯಾವಾಗಲೋ ಒಂದು ಸಲ ಒಳ್ಳೆ ಜಾಗ ಸಿಗುತ್ತದೆ. ನಿಮ್ಮ 'ಮತ್ತೆ ಮತ್ತೆ ತಿರುಗಿಸಿದರೆ ಹಿಡಿಯುತ್ತದೆ' ಅನ್ನುವುದರ ಗುಟ್ಟು ಅದು. ಹಳೇ ಟೊಯೋಟಾಗಳಲ್ಲಿದ್ದ ನಿಪ್ಪಾನ್‌ಡೆನ್ಸೋ ಸೆಲ್ಫ್‌ಗಳಿಗೆ ಇದು ಹೆಸರುವಾಸಿ ಕಾಯಿಲೆ. ಅದಕ್ಕೇ ಕಾಂಟ್ಯಾಕ್ಟ್ ಮತ್ತು ಪ್ಲಂಜರ್ ಬೇರೆಯಾಗಿ ಸಿಗುತ್ತವೆ.

ಎರಡೂ ಕಾಂಟ್ಯಾಕ್ಟ್ ಮತ್ತು ಪ್ಲಂಜರ್ ಒಟ್ಟಿಗೇ ಬದಲಾಯಿಸಿ. ಹಳೇದನ್ನು ಉಜ್ಜಿ ಹಾಕುವುದು ದಾರಿ ಖರ್ಚಿಗೆ ಸರಿ, ಖಾಯಂ ಅಲ್ಲ. ಉಜ್ಜಿದಷ್ಟೂ ಎತ್ತರ ಕಮ್ಮಿಯಾಗುತ್ತದೆ. ಹೊಸದು ಕೂರಿಸುವಾಗ ಎರಡೂ ಒಂದೇ ಮಟ್ಟದಲ್ಲಿರಬೇಕು, ನಟ್ ಬಿಗಿ ಮಾಡುವಾಗ ಓರೆಯಾಗದಂತೆ ಪ್ಲಂಜರ್ ಒತ್ತಿ ನೋಡಿಕೊಳ್ಳಿ.

ಹೇಗಿದ್ದರೂ ಬಿಚ್ಚಿದ್ದೀರಿ, ಬ್ರಷ್ ಕೂಡ ಹಾಕಿಬಿಡಿ. ಕಮ್ಯುಟೇಟರ್ ಕಪ್ಪಾಗಿದ್ದರೆ ನಯವಾದ ಸ್ಯಾಂಡ್ ಪೇಪರ್‌ನಲ್ಲಿ ಸುತ್ತ ಉಜ್ಜಿ. ಎಮರಿ ಬೇಡ, ಅದರ ಪುಡಿ ಸಂದಿಗಳಲ್ಲಿ ಕೂತು ತೊಂದರೆ ಕೊಡುತ್ತದೆ. ಪಟ್ಟಿಗಳ ನಡುವಿನ ಮೈಕಾ ತಾಮ್ರಕ್ಕಿಂತ ಕೆಳಗಿರಬೇಕು. ಆರ್ಮೇಚರ್ ಮೇಲ್ಮೈ ಒಂದು ಕಡೆ ಉಜ್ಜಿ ಹೊಳೆಯುತ್ತಿದ್ದರೆ ಬುಷ್ (ಶಾಫ್ಟ್ ಕೂರುವ ಲೋಹದ ಬಳೆ) ಸವೆದು ಅದು ಪೋಲ್‌ಗೆ ತಾಗುತ್ತಿದೆ ಅಂತ. ಅಂಥ ಮೋಟಾರ್ ನಿಧಾನ ತಿರುಗುತ್ತದೆ, ಆಂಪಿಯರ್ ಮಾತ್ರ ವಿಪರೀತ ಎಳೆಯುತ್ತದೆ. ಬೆಂಡಿಕ್ಸ್ (ಪಿನಿಯನ್ ಜೊತೆಗಿರುವ ಒಂದೇ ದಿಕ್ಕಿನ ಕ್ಲಚ್) ಒಂದು ಕಡೆ ತಿರುಗಬೇಕು, ಇನ್ನೊಂದು ಕಡೆ ಗಟ್ಟಿ ಹಿಡಿಯಬೇಕು. ಅದನ್ನೂ ಬುಷ್‌ಗಳನ್ನೂ ಪೆಟ್ರೋಲಿನಲ್ಲಿ ಅದ್ದಿ ತೊಳೆಯಬೇಡಿ. ಬೆಂಡಿಕ್ಸ್ ಒಳಗಿನ ಗ್ರೀಸ್ ಹೋಗುತ್ತದೆ, ಬುಷ್ ಹೀರಿಕೊಂಡಿರುವ ಎಣ್ಣೆಯೂ ಹೋಗುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಸಾಕು.

ದಿನಾ ಡ್ರೈವ್

ನನ್ನ ಮಾತೂ ಒಂದಿಷ್ಟು ಕೇಳಿ. ಎಲ್ಲರಿಗೂ ಬಿಚ್ಚಿ ನೋಡುವ ಜಾಗ, ಸಮಯ, ಕೈ ಇರುವುದಿಲ್ಲ. ದಿನಾ ಕೆಲಸಕ್ಕೆ ಅದೇ ಗಾಡಿ ಬೇಕು. ಸೆಲ್ಫ್ ಇಳಿಸಲು ಕೆಲವು ಗಾಡಿಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡೇ ತೆಗೆಯಬೇಕು. ಅಷ್ಟು ಕೆಲಸ ಮಾಡಿ ಬರೀ ಕಾಂಟ್ಯಾಕ್ಟ್ ಹಾಕಿ, ಆಮೇಲೆ ಬುಷ್ ಹೋಯಿತು ಅಂತ ಮತ್ತೆ ಬಿಚ್ಚುವುದು ಜಾಣತನವೇ? ಅಂಥ ಕಡೆ ವಾರಂಟಿ ಇರುವ ಒಳ್ಳೆ ಸೆಲ್ಫ್ ಒಂದೇ ಸಲ ಹಾಕುವುದು ಮೇಲು.

ಗ್ಯಾರೇಜ್ ಮೂಲೆ

ಮ್ಯಾನಿಫೋಲ್ಡ್ ಕೆಳಗೆ ಕೂತಿರುವ ಸೆಲ್ಫ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಆರ್ಮೇಚರ್ ಸುಟ್ಟಿದ್ದರೆ, ಮುಂದಿನ ಮೂತಿ ಒಡೆದಿದ್ದರೆ, ಸೊಲೆನಾಯ್ಡ್ ಬಿಚ್ಚಲಾಗದ ಹಾಗೆ ಮಡಚಿ ಸೀಲ್ ಮಾಡಿದ್ದರೆ ಕೂಡ ರಿಪೇರಿ ಹಠ ಬೇಡ. ಸೀಲ್ ಆಗಿದ್ದರೂ ಸೊಲೆನಾಯ್ಡ್ ಒಂದನ್ನೇ ಬದಲಾಯಿಸಲು ಆಗುತ್ತದಾ ಅಂತ ಒಮ್ಮೆ ಕೇಳಿ.

ಆದರೆ 'ಹೊಸದು' ಅಂದ ಮಾತ್ರಕ್ಕೆ ಒಳ್ಳೆಯದಲ್ಲ. ನನ್ನ ಅನುಭವದಲ್ಲಿ ಹಳೇ ಒರಿಜಿನಲ್ ಮೋಟಾರಿಗೆ ಒಳ್ಳೆ ಬ್ರಷ್, ಬುಷ್, ಕಾಂಟ್ಯಾಕ್ಟ್ ಹಾಕಿ ಕಟ್ಟಿದ್ದು, ಹೆಸರಿಲ್ಲದ ಹೊಸ ನಕಲಿಗಿಂತ ಜಾಸ್ತಿ ಬಾಳುತ್ತದೆ. ಹೊಸದು ತರುವುದಾದರೆ ಹಳೇದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಪಿನಿಯನ್ ಹಲ್ಲು ಎಷ್ಟು, ತಿರುಗುವ ದಿಕ್ಕು ಯಾವುದು, ಬೋಲ್ಟ್ ತೂತುಗಳ ಅಂತರ, ಪಿನಿಯನ್ ಎಷ್ಟು ಒಳಗೆ ಕೂತಿದೆ, ಎಷ್ಟು ಕಿಲೋವ್ಯಾಟ್. ಹಲ್ಲು ಒಂದು ಹೆಚ್ಚುಕಮ್ಮಿ ಇದ್ದರೂ ಬೋಲ್ಟ್ ಕೂರಬಹುದು, ರಿಂಗ್ ಮಾತ್ರ ಹಾಳಾಗುತ್ತದೆ. ಹಳೇ ಸೆಲ್ಫ್ ಮತ್ತು ಅದು ಬೋಲ್ಟ್ ಆಗಿ ಕೂರುವ ಜಾಗದ ನಡುವೆ ಶಿಮ್ ತಗಡು (ಅಂತರ ಹೊಂದಿಸುವ ತೆಳು ತಗಡು) ಇದ್ದರೆ ಅದನ್ನು ಹಾಗೇ ವಾಪಸ್ ಹಾಕಿ.

ಹೊಸದಾಗಲಿ, ಕಟ್ಟಿಸಿದ್ದಾಗಲಿ, ಗಾಡಿಗೆ ಏರಿಸುವ ಮುಂಚೆ ನೆಲದ ಮೇಲೇ ಓಡಿಸಿ ನೋಡಿ. ವೈಸ್‌ನಲ್ಲಿ ಗಟ್ಟಿ ಕಚ್ಚಿಸಿ. ಜಂಪರ್ ಕೇಬಲ್‌ನ ಮೈನಸ್ ಬಾಡಿಗೆ, ಪ್ಲಸ್ 30ಕ್ಕೆ, ಸಣ್ಣ ವೈರ್ 50ಕ್ಕೆ. ಕೈಯಲ್ಲಿ ಹಿಡಿದು ಮಾಡಬೇಡಿ, ಕೊಟ್ಟ ತಕ್ಷಣ ಎಗರುತ್ತದೆ. ಪಿನಿಯನ್ ಹೊರಗೆ ಚಿಮ್ಮಿ ಜೋರಾಗಿ ತಿರುಗಬೇಕು. ಕೆಲವೇ ಸೆಕೆಂಡು ಸಾಕು.

ಡೀಸೆಲ್ ಅಜ್ಜ

ಇನ್ನೊಂದು ಮಾತು ಹುಡುಗರಿಗೆ. ಸ್ಟಾರ್ಟ್ ಆಗಲಿಲ್ಲ ಅಂತ ಕೀ ಹಿಡಿದುಕೊಂಡು ಕೂರಬೇಡಿ. ಹತ್ತು ಸೆಕೆಂಡು ಹೊಡೆಯಿರಿ, ಬಿಡಿ, ಒಂದು ನಿಮಿಷವಾದರೂ ಆರಲು ಬಿಡಿ. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಸೆಲ್ಫ್ ಕ್ಯಾಡಿಲಾಕ್ ಕಾರಿಗೆ ಬಂದಾಗಿನಿಂದಲೂ ಲೆಕ್ಕ ಇದೇ. ಕೆಲವು ಸೆಕೆಂಡು ಮಾತ್ರ ಓಡಿದರೆ ಸಾಕು ಅಂತಲೇ ಆ ಪುಟ್ಟ ಮೋಟಾರಿನಿಂದ ಅಷ್ಟು ದೊಡ್ಡ ಕೆಲಸ ತೆಗೆಯುತ್ತಾರೆ. ಜಾಸ್ತಿ ಹೊಡೆದರೆ ಸುಡುತ್ತದೆ.

ಹೊಸ ಕೈ

ಅಲ್ಲಿಯ ತನಕ ತಳ್ಳಿ ಸ್ಟಾರ್ಟ್ ಮಾಡಬಹುದಲ್ವಾ?

ಸ್ಪ್ಯಾನರ್ ಅಕ್ಕ

ಮ್ಯಾನುವಲ್ ಆದರೆ ಮಾಡಬಹುದು. ಎರಡನೇ ಗೇರ್ ಒಳ್ಳೆಯದು, ಮೊದಲನೆಯದರಲ್ಲಿ ಚಕ್ರ ಕಚ್ಚಿ ಜರ್ಕ್ ಹೊಡೆಯುತ್ತದೆ. ಆಟೋಮ್ಯಾಟಿಕ್ ಗಾಡಿ ತಳ್ಳಿ ಪ್ರಯೋಜನವಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡುವ ಭಾಗ) ಇರುವ ಗಾಡಿಯನ್ನು ದಿನಾ ಹೀಗೆ ತಳ್ಳುವುದು ಬೇಡ. ಉರಿಯದ ಪೆಟ್ರೋಲ್ ಹೋಗಿ ಅದು ಹಾಳಾಗುತ್ತದೆ.

ಬಿಳಿ ಸೆಡಾನ್

ಹೊಸ ಕಾಂಟ್ಯಾಕ್ಟ್, ಪ್ಲಂಜರ್, ಬ್ರಷ್ ಹಾಕಿ ಏರಿಸಿದೆ. ವೋಲ್ಟ್ ಮೀಟರ್ ಸರ್ ಹೇಳಿದ ಹಾಗೆ ರಿಲೇ ಕೂಡ ಹಾಕಿದೆ. ಈಗ 50ರಲ್ಲಿ 11.8 ಬರುತ್ತಿದೆ. ಬಿಸಿಯಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿ ನೋಡಿದೆ, ಕೀ ಮುಟ್ಟಿದರೆ ಸ್ಟಾರ್ಟ್. ಹೀಟ್ ಶೀಲ್ಡ್‌ನ ಎರಡು ತೂತು ಖಾಲಿ ಇದ್ದವು, ತಗಡು ಕಾಣೆ. ಅದೊಂದನ್ನು ಹುಡುಕುತ್ತಿದ್ದೇನೆ.

ವೋಲ್ಟ್ ಮೀಟರ್

ತಗಡು ಸಿಗದಿದ್ದರೆ ಸೆಲ್ಫ್‌ಗೆ ಸುತ್ತುವ ಹೀಟ್ ಶೀಲ್ಡ್ ಹೊದಿಕೆ ಸಿಗುತ್ತದೆ. ವೈರುಗಳು ಎಕ್ಸಾಸ್ಟ್‌ಗೆ ತಾಗದ ಹಾಗೆ ಕಟ್ಟಿ.

ನೀಲಿ ಹ್ಯಾಚ್

ಇದೇ ಎಳೆಯಲ್ಲಿ ಕೇಳುತ್ತೇನೆ, ಕ್ಷಮಿಸಿ. ನನ್ನದರಲ್ಲಿ ಟಕ್ ಅಲ್ಲ. ಕೀ ತಿರುಗಿಸಿದರೆ ಮೋಟಾರ್ 'ಝುಯ್' ಅಂತ ಸುತ್ತುತ್ತದೆ, ಎಂಜಿನ್ ತಿರುಗುವುದಿಲ್ಲ. ಒಮ್ಮೊಮ್ಮೆ ಕರಕರ ಅಂತ ಹಲ್ಲು ಕಡಿದ ಶಬ್ದ. ಗಾಡಿಯನ್ನು ಗೇರಿನಲ್ಲಿಟ್ಟು ಸ್ವಲ್ಪ ಹಿಂದೆ ಮುಂದೆ ತಳ್ಳಿದರೆ ಸರಿಯಾಗುತ್ತದೆ.

ಗ್ಯಾರೇಜ್ ಮೂಲೆ

ಬರೀ ಝುಯ್ ಅಂದರೆ ಬೆಂಡಿಕ್ಸ್ ಕ್ಲಚ್ ಜಾರುತ್ತಿರಬಹುದು. ಸೈಕಲ್‌ನ ಫ್ರೀವೀಲ್ ಇದ್ದ ಹಾಗೆ ಅದು: ಮೋಟಾರ್ ಎಂಜಿನನ್ನು ತಿರುಗಿಸಬೇಕು, ಎಂಜಿನ್ ಮೋಟಾರನ್ನು ತಿರುಗಿಸಬಾರದು. ಪಿನಿಯನ್‌ಗೆ 9 ಹಲ್ಲು, ರಿಂಗಿಗೆ 108 ಅಂದುಕೊಳ್ಳಿ, 12 ಪಟ್ಟು. ಎಂಜಿನ್ 3000 ಆರ್‌ಪಿಎಂಗೆ ಏರಿದಾಗ ಪಿನಿಯನ್ ಇನ್ನೂ ಅಂಟಿಕೊಂಡಿದ್ದರೆ 36,000 ಆಗುತ್ತದೆ. ಆ ಕ್ಲಚ್ ಇಲ್ಲದಿದ್ದರೆ ಆರ್ಮೇಚರ್ ಚಿಂದಿ.

ಆದರೆ ಗಾಡಿ ತಳ್ಳಿದರೆ ಸರಿಯಾಗುತ್ತದೆ ಅಂದಿರಲ್ಲ, ಅದು ರಿಂಗ್ ಕಡೆ ಬೆರಳು ತೋರಿಸುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಆಗುವಾಗ ಕಂಪ್ರೆಶನ್ ತಡೆಯುವುದರಿಂದ ಹೆಚ್ಚುಕಮ್ಮಿ ಎರಡೇ ಜಾಗದಲ್ಲಿ ನಿಲ್ಲುತ್ತದೆ, ಒಂದಕ್ಕೊಂದು ಎದುರುಬದುರು. ಪಿನಿಯನ್ ಬಂದು ಬಡಿಯುವುದು ಯಾವಾಗಲೂ ಅಲ್ಲೇ. ಅಲ್ಲಿಯ ಹಲ್ಲುಗಳೇ ಸವೆಯುತ್ತವೆ. ಬ್ಯಾಟರಿ ಮೈನಸ್ ಕಳಚಿ, ಸೆಲ್ಫ್ ಇಳಿಸಿ, ಸ್ಪಾರ್ಕ್ ಪ್ಲಗ್ ತೆಗೆದು, ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನನ್ನು ಕೈಯಲ್ಲಿ ನಿಧಾನ ಪೂರ್ತಿ ಒಂದು ಸುತ್ತು ತಿರುಗಿಸಿ. ಸೆಲ್ಫ್ ತೂತಿನಲ್ಲಿ ಟಾರ್ಚ್ ಬಿಟ್ಟು ಒಂದೊಂದೇ ಹಲ್ಲು ನೋಡಿ. ಪಿನಿಯನ್ ಹಲ್ಲಿನ ತುದಿಯೂ ನೋಡಿ.

ರಿಂಗ್ ಹೋಗಿದ್ದರೆ ಬರೀ ಸೆಲ್ಫ್ ಬದಲಾಯಿಸಿ ಪ್ರಯೋಜನವಿಲ್ಲ, ಗೇರ್ ಬಾಕ್ಸ್ ಇಳಿಸಬೇಕು. ರಿಂಗನ್ನು ಸುಮಾರು 200 ಡಿಗ್ರಿಗೆ ಕಾಯಿಸಿ ಫ್ಲೈವೀಲ್ ಮೇಲೆ ಕೂರಿಸುತ್ತಾರೆ, ತಣ್ಣಗಾದಾಗ ಕಚ್ಚಿಕೊಳ್ಳುತ್ತದೆ. ಕೆಂಪಗಾಗುವಷ್ಟು ಕಾಯಿಸಿದರೆ ಹಲ್ಲಿನ ಗಡಸುತನ ಹೋಗುತ್ತದೆ, ಅದನ್ನು ಲೇತ್ ಕೆಲಸದವರಿಗೆ ಹೇಳಿಯೇ ಕೊಡಿ. ಬಾಕ್ಸ್ ಇಳಿದಿರುವಾಗ ಕ್ಲಚ್ ಪ್ಲೇಟ್ ಮತ್ತು ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ಕೂಡ ನೋಡಿಬಿಡಿ.

ನೀಲಿ ಹ್ಯಾಚ್

ಸರಿ ಸರ್. ಭಾನುವಾರ ಪ್ಲಗ್ ತೆಗೆದು ತಿರುಗಿಸಿ ನೋಡುತ್ತೇನೆ. ಹಲ್ಲುಗಳ ಫೋಟೋ ಹಾಕುತ್ತೇನೆ, ನೀವೇ ಹೇಳಿ.